ಉಪ್ಪು ನೋಡುವ ಕೆಲಸ

ಮಾರ್ಚ್ ೩, ಸೋಮವಾರ

ಇಂದು ಒಬ್ಬರು ನಮ್ಮ ಮಿಲ್‌ಗೆ ಒಂದು ಸ್ಟಾರ್ ಕೊಟ್ಟಿದ್ದಾರೆ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವಂತೆ, ಹಾಗಾಗಿ ಒಳಗೇ ಬರಲಿಲ್ಲವಂತೆ. ಇನ್ನೊಬ್ಬರು ಐದು ಕೊಟ್ಟಿದ್ದಾರೆ. ಶೌಚಾಲಯ ಚೊಕ್ಕಟವಾಗಿತ್ತಂತೆ. ಅವರೂ ಏನನ್ನೂ ತಿಂದ ಹಾಗೆ ಕಾಣಲಿಲ್ಲ. ಮೂರನೆಯವರು, ಒಂಬತ್ತನೇ ಮೇಜಿನಲ್ಲಿ ಕೂತಿದ್ದಾಗ ತಮ್ಮ ನಿಶ್ಚಿತಾರ್ಥ ಮುರಿದುಬಿತ್ತು ಎಂದು ಎರಡು ಸ್ಟಾರ್ ಕೊಟ್ಟು, 'ಊಟ ಪರವಾಗಿಲ್ಲ' ಎಂದು ಸೇರಿಸಿದ್ದಾರೆ. ಮೂವರಿಗೂ ಒಂದೇ ಉತ್ತರ ಕಳಿಸಿದೆ: ನಿಮ್ಮ ಅನುಭವ ನಮಗೆ ಅಮೂಲ್ಯ. ಇದೇ ನನ್ನ ಉದ್ಯೋಗ.

ಹಲಸೂರಿನ ಹಳೆಯ ಮರ ಕೊಯ್ಯುವ ಮಿಲ್ಲಿನೊಳಗೆ ಒಂದಷ್ಟು ಅಂಗಡಿ, ಮಧ್ಯೆ ಉದ್ದುದ್ದ ಮೇಜು, ಮಾಡಿನಿಂದ ಇಳಿಬಿಟ್ಟ ಬಲ್ಬುಗಳು. ಇದನ್ನು ಫುಡ್ ಹಾಲ್ ಎನ್ನುತ್ತಾರೆ. ನಮ್ಮ ತಾತನ ಕಾಲದಲ್ಲಿ ಛತ್ರ ಎನ್ನುತ್ತಿದ್ದರು, ಊಟಕ್ಕೆ ಕಾಸಿರಲಿಲ್ಲ, ಅಭಿಪ್ರಾಯವನ್ನೂ ಯಾರೂ ಕೇಳುತ್ತಿರಲಿಲ್ಲ.

ಬಂದವರು ನೂರಾರು, ತಿಂದವರು ಹತ್ತಾರು,
ಪಟ ಹಿಡಿದು ಹೊರಟವರು ಮಿಕ್ಕವರೆಲ್ಲಾರು.

ಈ ಪ್ರಾಸದ ಚಟ ಮದುವೆ ಕಾರ್ಡಿನಿಂದ ಬಂದದ್ದು. ಲಿಂಗರಾಜಪುರದಲ್ಲಿ ನನ್ನ ಪ್ರೆಸ್ಸಿದ್ದಾಗ, ಕಾರ್ಡಿನ ತುದಿಗೆ ಎರಡು ಸಾಲಿನ ಪದ್ಯವನ್ನು ಬಿಟ್ಟಿಯಾಗಿ ಹೊಸೆದು ಕೊಡುತ್ತಿದ್ದೆ. ಜನ ಮೊಬೈಲಿನಲ್ಲೇ ಮದುವೆಗೆ ಕರೆಯತೊಡಗಿದರು. ಹೋದ ವರ್ಷ ಬಾಗಿಲು ಹಾಕಿದೆ. ಕನ್ನಡ ಮಾಧ್ಯಮದ ಬಿ.ಎ., ವಯಸ್ಸು ನಲವತ್ತೈದು, ಈಗ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ಕೆಲಸ.

ಬೆಳಗಿನ ಸಭೆಯಲ್ಲಿ ಮ್ಯಾನೇಜರ್ ಮಾರಿಯಾ ಮೇಡಂ ಹೊಸ ನಿಯಮ ಓದಿದರು. ಮಾರ್ಚ್ ಕೊನೆಗೆ ಯಾವ ಅಂಗಡಿಯ ಸರಾಸರಿ ನಾಲ್ಕು ಸ್ಟಾರಿಗಿಂತ ಕೆಳಗಿರುತ್ತದೋ ಆ ಅಂಗಡಿಯ ಕರಾರು ಮುಂದುವರಿಯುವುದಿಲ್ಲ. ಎಲ್ಲರೂ ಮೂಲೆಯ 'ಖುರ್ಷೀದಾ ಕಿಚನ್' ಕಡೆ ನೋಡಿದರು. ಮೊದಲ ಮೂರು ತಿಂಗಳು ಎಲ್ಲರಿಗಿಂತ ಮೇಲಿದ್ದ ಅಂಗಡಿ, ಈ ವಾರ ಯಾಕೋ ತೂಗಾಡುತ್ತಿದೆ.

ರಾತ್ರಿ ಮನೆಗೆ ಬಂದರೆ ನನ್ನ ಚಿಕ್ಕ ಪಾತ್ರೆ ಮುಚ್ಚಿಟ್ಟಿತ್ತು. ಜನವರಿಯಲ್ಲಿ ಡಾಕ್ಟರು ಬಿ.ಪಿ. ಎಂದಾಗಿನಿಂದ ನನ್ನ ಹೆಂಡತಿ ಆರೋಗ್ಯ ಇಲಾಖೆಯಾಗಿದ್ದಾಳೆ. ಇಲಾಖೆಯವರು ನನ್ನ ಸಾರಿಗೆ ಉಪ್ಪಿನ ಡಬ್ಬಿಯನ್ನು ದೂರದಿಂದ ತೋರಿಸಿ ಒಳಗಿಡುತ್ತಾರೆ. ಅವರ ಸಾರು ಬೇರೆ. ಅವರ ಊಟವೂ ನಾನು ಬರುವಷ್ಟರಲ್ಲಿ ಮುಗಿದಿರುತ್ತದೆ.

ಇಂದಿನ ದಿನಕ್ಕೆ ಎರಡು ಸ್ಟಾರ್.

ಮಾರ್ಚ್ ೫, ಬುಧವಾರ

ಖುರ್ಷೀದಾ ಬೇಗಂ ಅವರ ದಾಲ್ಚಾ ಬಗ್ಗೆ ಇಂದು ಎರಡು ಅಭಿಪ್ರಾಯ. ಬೇಳೆ, ಸೋರೆಕಾಯಿ, ಮಟನ್ ಹಾಕಿ ಕುದಿಸುವ ಗಟ್ಟಿ ಸಾರು ಅದು, ತುಪ್ಪದನ್ನದ ಜೊತೆ ಕೊಡುತ್ತಾರೆ. ಭಾನುವಾರ ತಿಂದವರು 'ಉಪ್ಪಿನ ಮೂಟೆ ಬಿದ್ದಿದೆ' ಎಂದಿದ್ದಾರೆ. ನಿನ್ನೆ ತಿಂದವರು 'ಉಪ್ಪು ಮರೆತಿದ್ದಾರೆ' ಎಂದಿದ್ದಾರೆ. ಹನ್ನೊಂದರ ಹೊತ್ತಿಗೆ ಅವರ ಒಲೆಯ ಹತ್ತಿರ ಹೋದೆ.

"ಏನ್ ಖುರ್ಷೀದಮ್ಮ, ಒಂದಿನ ಸಮುದ್ರ, ಒಂದಿನ ಸಪ್ಪೆ?"

"ರೋಜಾ ಅಲ್ವಾ ಸಾರ್. ಉಪ್ಪು ನೋಡೋದ್ ಹೆಂಗೆ?" ಎಂದರು, ಈರುಳ್ಳಿ ಬಾಡಿಸುವುದನ್ನು ನಿಲ್ಲಿಸದೆ.

"ಅಂದಾಜಲ್ಲಿ ಹಾಕ್ಬೋದಲ್ಲ. ಇಷ್ಟ್ ವರ್ಷದ ಕೈ ನಿಮ್ದು."

"ಇದು ದೊಡ್ ಪಾತ್ರೆ. ಸೋರೆಕಾಯಿ ಒಂದಿನ ನೀರ್ ಬಿಡ್ತದೆ, ಒಂದಿನ ಬಿಡಲ್ಲ. ನಾಲ್ಗೆ ತುದಿಗ್ ಮುಟ್ಟಿಸಿ ಉಗುಳಿದ್ರೆ ಪರ್ವಾಗಿಲ್ಲ ಅಂತಾರೆ ಕೆಲವ್ರು. ನನ್ ಮನಸ್ ಒಪ್ಪಲ್ಲ. ನಮ್ ಅತ್ತೆ ಇದ್ರು ನೋಡಿ, ವಯಸ್ಸಾಗಿತ್ತು, ಶುಗರ್ ಇತ್ತು, ರೋಜಾ ಇಡ್ತಿರ್ಲಿಲ್ಲ. ಪ್ರತಿ ರಂಜಾನಲ್ಲೂ ಉಪ್ಪು ಅವ್ರೇ ನೋಡೋದು. ಹೋದ್ ಬಕ್ರೀದ್ ಆದ್ಮೇಲೆ ತೀರ್ಕೊಂಡ್ರು."

ಅವರ ತಮ್ಮ ವಕಾರ್ ಸೊಪ್ಪು ಕತ್ತರಿಸುತ್ತಿದ್ದ. ಅವನೂ ಉಪವಾಸ. "ಮಧ್ಯಾಹ್ನ ಮುಚ್ಚಿ ಸಂಜೆ ಹಲೀಮ್ ಮಾತ್ರ ಮಾಡೋಣ ಅಂದೆ ಸಾರ್. ಎರಡೂ ಹೊತ್ತು ತೆಗೀಲೇಬೇಕು ಅಂತ ಕರಾರಲ್ಲೇ ಇದೆ," ಎಂದ.

ಸುತ್ತ ನೋಡಿದೆ. ಪಕ್ಕದ ಸಲಾಡ್ ಅಂಗಡಿಯವರು ಹಾಲನ್ನೂ ಮುಟ್ಟದ ವೀಗನ್. ಆಚೆಯ ಚಾಟ್ ಅಂಗಡಿಯವರು ಜೈನರು. ಮಾರಿಯಾ ಮೇಡಂ ಬೆಳಿಗ್ಗೆ ಹಣೆಗೆ ಬೂದಿ ಇಟ್ಟುಕೊಂಡು ಬಂದಿದ್ದರು. ಇಂದಿನಿಂದ ಈಸ್ಟರ್ ತನಕ ಮಾಂಸ ಬಿಟ್ಟಿದ್ದಾರಂತೆ. ಇಷ್ಟು ಅಡುಗೆ ಬೇಯುವ ಜಾಗದಲ್ಲಿ ಆ ಹೊತ್ತಿಗೆ ಒಂದು ಚಮಚ ದಾಲ್ಚಾ ತಿನ್ನಬಲ್ಲ ಮನುಷ್ಯ ನಾನೊಬ್ಬನೇ.

"ನಾನ್ ನೋಡ್ಲಾ?" ಎಂದೆ.

ಖುರ್ಷೀದಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಾಳೆಯಿಂದ ಬನ್ನಿ. ನಿಮ್ ಬಾಯಿ, ನನ್ ಕೈ."

ಎರಡೂವರೆ ಸ್ಟಾರ್.

ಮಾರ್ಚ್ ೬, ಗುರುವಾರ

ಅಧಿಕಾರ ಸ್ವೀಕರಿಸಿದೆ. ವಕಾರ್ ಬಟ್ಟಲಿನಲ್ಲಿ ಕೊಟ್ಟ. ಖುರ್ಷೀದಾ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ, ಸಂಗೀತ ಸ್ಪರ್ಧೆಯ ತೀರ್ಪುಗಾರನಂತೆ ತಲೆಯಾಡಿಸಿ, "ಉಪ್ಪು ಮುಂದಾಯ್ತು" ಎಂದೆ. ಅವರು ಬಿಸಿನೀರು ಸುರಿದು, ಇನ್ನಷ್ಟು ಸೋರೆಕಾಯಿ ಹಾಕಿದರು. ಮತ್ತೆ ನೋಡಿದೆ. "ಇನ್ನೂ ಒಂಚೂರು." ಮತ್ತೆ ನೀರು. ಮೂರನೇ ಸಲ "ಈಗ ಸರಿ" ಎಂದೆ.

"ಪಕ್ಕಾ?" ಎಂದರು ಖುರ್ಷೀದಾ.

"ಪಕ್ಕಾ."

ಪ್ರೆಸ್ಸು ಮುಚ್ಚಿದ ಮೇಲೆ ನನ್ನ ಮಾತಿಗಾಗಿ ಇನ್ನೊಬ್ಬರು ಕಾದು ನಿಂತದ್ದು ಇದೇ ಮೊದಲು. ಮೂರೂವರೆ ಸ್ಟಾರ್.

ಮಾರ್ಚ್ ೧೦, ಸೋಮವಾರ

ಸೋಮವಾರ ನಾನು ಮಾಂಸ ಮುಟ್ಟುವುದಿಲ್ಲ. ಹೊರಮಾವಿನ ಮುನೇಶ್ವರನಿಗೆ ಅಪ್ಪ ಹೊತ್ತ ಹರಕೆ, ಕಂತು ಕಟ್ಟುತ್ತಿರುವವನು ನಾನು. ವಿಷಯ ಹೇಳಿದಾಗ ಖುರ್ಷೀದಾ ನಗಲಿಲ್ಲ. ಮಟನ್ ಬೀಳುವ ಮುಂಚೆ ಬೇಳೆಯನ್ನಷ್ಟೇ ಬೇರೆ ತೆಗೆದು ಕೊಟ್ಟರು. "ನನ್ ದೇವ್ರಿಗೆ ನಾನು, ನಿಮ್ ದೇವ್ರಿಗೆ ನೀವು. ಉಪ್ಪು ಮಾತ್ರ ಇಬ್ರಿಗೂ ಸೇರಿದ್ದು," ಎಂದರು.

ಆದರೆ ಬರುವವರ ನಾಲಿಗೆಗೆ ಏನಾಗಿದೆಯೋ. ಗುರುವಾರದಿಂದ ದಿನಕ್ಕೆರಡರಂತೆ ಒಂದೇ ದೂರು: ಸಪ್ಪೆ. ಒಬ್ಬ 'ಆಸ್ಪತ್ರೆ ಊಟ' ಎಂದಿದ್ದಾನೆ. ಚಿಪ್ಸು ತಿಂದು ತಿಂದು ಕೆಟ್ಟ ನಾಲಿಗೆಗಳು. ಅವನಿಗೆ 'ನೈಜ ರುಚಿಯನ್ನು ಸವಿಯಲು ಸ್ವಲ್ಪ ಅಭ್ಯಾಸ ಬೇಕು' ಎಂದು ಉತ್ತರಿಸಿದೆ. ಮನಸ್ಸಿಗೆ ಸಮಾಧಾನವಾಯಿತು.

ಉಪ್ಪು ಹೆಚ್ಚೆಂದರೆ ಒಪ್ಪಿಕೋ, ಸಪ್ಪೆ ಎಂದರೂ ಒಪ್ಪಿಕೋ;
ತಪ್ಪು ಯಾರದ್ದಾದರೇನು, ತೆಪ್ಪಗೆ ಸಂಬಳ ಅಪ್ಪಿಕೋ.

ಮೂರು.

ಮಾರ್ಚ್ ೧೩, ಗುರುವಾರ

ಮಾರಿಯಾ ಮೇಡಂ ಕರೆದರು. ಕಂಪ್ಯೂಟರ್ ಪರದೆಯ ಮೇಲೆ ಖುರ್ಷೀದಾ ಅಂಗಡಿಯ ಗೆರೆ ಟಿನ್ ಫ್ಯಾಕ್ಟರಿಯ ಸೇತುವೆಯ ಹಾಗೆ ಇಳಿಯುತ್ತಿತ್ತು.

"ಶ್ರೀನಾಥ್, ವಾಟ್ ಈಸ್ ದಿಸ್ ಪಾ? ಮೊದ್ಲು ಮೇಲೆ ಕೆಳಗೆ ಹೋಗ್ತಿತ್ತು. ಈಗ ಸ್ಟ್ರೈಟ್ ಕೆಳಗೇ."

"ಜನಕ್ಕೆ ರುಚಿ ಗೊತ್ತಿಲ್ಲ ಮೇಡಂ."

"ನಂಗ್ ಅವ್ರ್ ಅಡುಗೆ ಇಷ್ಟ. ಮೇಲಿನವ್ರಿಗೆ ನಂಬರ್ ಇಷ್ಟ. ಒಂದ್ ವಾಫಲ್ ಕಂಪೆನಿ ಆ ಮೂಲೆ ಕೇಳ್ಕೊಂಡ್ ಕೂತಿದೆ, ಗೊತ್ತಲ್ಲ?"

ಸಂಜೆ ಉಪವಾಸ ಬಿಟ್ಟ ಮೇಲೆ ಅಕ್ತರ್ ಸಾಹೇಬರು ಬಂದರು. ಫ್ರೇಜರ್ ಟೌನಿನವರು, ಚರ್ಮದ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ದಿನವೂ ಇಲ್ಲಿ ಕೂರುತ್ತಾರೆ. ಗೋಧಿ, ಮಟನ್ ಕಡೆದು ಮಾಡುವ ಹಲೀಮಿನ ಬಟ್ಟಲನ್ನು ಅರ್ಧಕ್ಕೆ ದೂರ ತಳ್ಳಿ ನನ್ನನ್ನು ಕರೆದರು.

"ಇದಕ್ಕೆ ಉಪ್ಪು ನೋಡಿದ್ದ್ ಯಾರು ಮಿಯಾ?"

"ನಾನೇ ಸಾಹೇಬ್ರೇ."

"ಹೌದಾ." ನನ್ನನ್ನು ಪಕ್ಕ ಕೂರಿಸಿಕೊಂಡರು. "ಮನೇಲಿ ಎಲ್ಲಾ ಚೆನ್ನಾಗಿದಾರಾ?"

ಹಿರಿಯರು, ಎದುರಾಡಲಿಲ್ಲ. ಅವರಿಗೂ ನಾಲಿಗೆ ಮಂದವಾಗಿರಬೇಕು. ಎರಡು ಸ್ಟಾರ್.

ಮಾರ್ಚ್ ೧೫, ಶನಿವಾರ

ಖುರ್ಷೀದಾ ಇಂದು ಮನೆಗೆಂದು ಒಂದು ಡಬ್ಬಿ ದಾಲ್ಚಾ ಕಟ್ಟಿಕೊಟ್ಟರು. "ದಿನಾ ಉಪ್ಪು ನೋಡ್ತೀರಿ, ಮನೇವ್ರಿಗೆ ನಮ್ ಕೈ ರುಚಿ ಗೊತ್ತಾಗ್ಲಿ," ಎಂದರು. ಇಲಾಖೆಯವರು ಇನ್ನೂ ಊಟ ಮಾಡಿರಲಿಲ್ಲ. ಬಿಸಿ ಮಾಡಿ ಬಡಿಸಿಕೊಂಡಳು. ಎರಡು ತುತ್ತಾದ ಮೇಲೆ ಕೈ ನಿಂತಿತು.

"ಇದಕ್ಕೆ ಉಪ್ಪೇ ಇಲ್ವಲ್ಲ."

"ಸರಿಯಾಗಿದೆ. ಬೆಳಿಗ್ಗೆ ನಾನೇ ನೋಡಿದ್ದು."

"ನೀವ್ ನೋಡಿದ್ರಾ?"

"ಹತ್ತು ದಿನದಿಂದ ನಾನೇ ನೋಡ್ತಿರೋದು."

ಅವಳು ಎದ್ದು ಒಳಗೆ ಹೋಗಿ, ತನ್ನ ಪಾತ್ರೆಯಿಂದ ಒಂದು ಲೋಟ ಸಾರು ತಂದು ನನ್ನ ಮುಂದಿಟ್ಟಳು. "ಕುಡೀರಿ."

ಕುಡಿದೆ. ಬಾಯಿ ಉರಿದುಹೋಯಿತು. "ಏನಿದು, ಇಷ್ಟೊಂದ್ ಉಪ್ಪು?"

"ಎಲ್ರೂ ತಿನ್ನೋ ಉಪ್ಪು ಇದು. ಡಿಸೆಂಬರಲ್ಲಿ ಇದೇ ಸಾರಿಗೆ ನೀವು ಸಪ್ಪೆ ಅಂತ ಗೊಣಗ್ತಿದ್ರಿ. ಜನವರಿಯಿಂದ ನಿಮ್ ಪಾತ್ರೆಗೆ ನಾನು ಏನ್ ಹಾಕ್ತಿದೀನಿ ಅಂತ ಮರ್ತೋಯ್ತಾ?"

ಲೋಟ ಕೆಳಗಿಟ್ಟೆ.

"ನಗು ಬಂದ್ರೆ ನಕ್ಬಿಡು," ಎಂದೆ.

"ನಗು ಬರ್ತಿಲ್ಲ. ಆಯಮ್ಮನ ಅಂಗಡಿ ಗತಿ ಏನ್ರೀ?"

ನನಗೆ ಆ ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ. ನನ್ನ ನಾಲಿಗೆಯದೇ ಚಿಂತೆ ನನಗೆ.

ಮಾರ್ಚ್ ೧೬, ಭಾನುವಾರ

ಖುರ್ಷೀದಾ ಅವರಿಗೆ ಹೇಳಲಿಲ್ಲ. ಭಾನುವಾರದ ಜನ, ಗದ್ದಲ, ಮೂರು ಹುಟ್ಟುಹಬ್ಬ, ಒಂದು ಜಗಳ. ಉಪ್ಪು ನೋಡುವಾಗ ಲೆಕ್ಕ ಹಾಕಿದೆ: ನನಗೆ ಉಪ್ಪೆನ್ನಿಸಿದರೆ ಜನಕ್ಕೆ ಸರಿ, ನನಗೆ ಉರಿದರೆ ಜನಕ್ಕೆ ರುಚಿ. ಉರಿಯುವ ತನಕ ಹಾಕಿಸಿದೆ. ಎಷ್ಟು ಉರಿಯಬೇಕು ಎಂಬುದು ಮಾತ್ರ ತಿಳಿದಿರಲಿಲ್ಲ. ಸಂಜೆಗೆ ಅಭಿಪ್ರಾಯ ಬಂತು: ಉಪ್ಪಿನ ಗಣಿ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆಯೇ ಹೋಗಿ ಹೇಳಿದೆ. ಡಾಕ್ಟರು, ಚಿಕ್ಕ ಪಾತ್ರೆ, ಲೋಟದ ಸಾರು, ಎಲ್ಲವನ್ನೂ. ವಕಾರ್ ಚಾಕು ಕೆಳಗಿಟ್ಟ. ಖುರ್ಷೀದಾ ಉರಿ ಸಣ್ಣ ಮಾಡಿದರು.

"ಮೊದಲ್ನೇ ದಿನದಿಂದಾನಾ?"

"ಮೊದಲ್ನೇ ದಿನದಿಂದಾನೇ."

ಬೈಯುತ್ತಾರೆಂದು ಕಾದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ, ಮೊದಲ ಸಲ ನೋಡುವವರ ಹಾಗೆ ನೋಡಿಕೊಂಡರು.

"ನಾನು ನನ್ ಕೈನೇ ಬೈಕೋತಿದ್ದೆ ಸಾರ್," ಎಂದರು. "ಮೊನ್ನೆ ಇವನ್ ಹತ್ರ ಹೇಳ್ದೆ. ಕೈ ಹೋಯ್ತು ಕಣೋ, ಅತ್ತೆ ಹೋಗ್ತಾ ಜೊತೇಲೇ ತಗೊಂಡ್ ಹೋದ್ರು ಅಂದೆ. ಈದ್ ಆದ್ಮೇಲೆ ನಾವೇ ಬಿಟ್ ಹೋಗೋಣ, ಕಳಿಸೋ ತನಕ ಕಾಯೋದ್ ಬೇಡ ಅಂದೆ."

ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ಸಾಲುಗಳು ನನ್ನ ಫೋನಿನಲ್ಲಿವೆ, ಒಂದೂ ಇಲ್ಲಿಗೆ ಹೊಂದಲಿಲ್ಲ.

"ಕೈ ಇದೆ," ಎಂದೆ ಕೊನೆಗೆ. "ಕೆಟ್ಟದ್ದು ನನ್ ನಾಲ್ಗೆ."

"ಕೈ ಇದ್ರೆ ನೋಡೋಣ," ಎಂದು ಉರಿ ದೊಡ್ಡದು ಮಾಡಿದರು. "ಇವತ್ತು ಉಪ್ಪು ಯಾರ್ ನೋಡ್ತಾರೆ?"

ಬೇಗ ಬಂದ ನಾಲ್ವರನ್ನು ಒಲೆಯ ಹತ್ತಿರ ಕರೆತಂದೆ. ಇಂದಿರಾನಗರದ ಹುಡುಗಿಯೊಬ್ಬಳು ಚಮಚದ ಫೋಟೋ ತೆಗೆದು 'ವಾವ್' ಎಂದಳು, ಉಪ್ಪಿನ ಸುದ್ದಿ ಎತ್ತಲಿಲ್ಲ. ಇನ್ನೊಬ್ಬ ಇದರಲ್ಲಿ ಗೋಧಿ ಇದೆಯೇ ಎಂದು ವಿಚಾರಿಸಿ ಹಿಂದೆ ಸರಿದ. ತಮಿಳು ಅಜ್ಜಿಯೊಬ್ಬರು ಹುಣಸೆ ಸಾಲದು ಎಂದರು, ಅವರ ಗಂಡ ಹೆಚ್ಚಾಯಿತು ಎಂದರು, ಅಲ್ಲೇ ಅವರಿಬ್ಬರದೂ ಬೇರೆ ಯಾವುದೋ ಹಳೆಯ ಜಗಳ ಶುರುವಾಯಿತು. ಖುರ್ಷೀದಾ ಅಂದಾಜಿನಲ್ಲಿ ಹಾಕಿದರು.

ರಾತ್ರಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನಾಳೆ ನಾನೂ ಬರ್ತೀನಿ," ಎಂದಳು.

"ನಿನಗ್ಯಾಕೆ ತೊಂದ್ರೆ?"

"ತೊಂದ್ರೆ ನಿಮ್ದು. ಉಪ್ಪು ನನಗ್ ಗೊತ್ತು."

ಮಾರ್ಚ್ ೧೮, ಮಂಗಳವಾರ

ಹೇಳಿದ ಹಾಗೇ ಹಂಸ ಬಂದಳು. ಮದುವೆಗೆ ಹೊರಟವಳ ಹಾಗೆ ಇಸ್ತ್ರಿ ಸೀರೆ. ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೊ ಹತ್ತಿದ ಮೇಲೆ ಹಲಸೂರು ತನಕ ಮಾತಿಲ್ಲ. ಒಳಗೆ ಬಂದು ಮಾಡು, ಬಲ್ಬು, ಉದ್ದದ ಮೇಜುಗಳನ್ನೆಲ್ಲ ನೋಡಿ, "ಇಷ್ಟ್ ದೊಡ್ದಿದೆ ಅಂತ ಹೇಳೇ ಇರ್ಲಿಲ್ವಲ್ಲ," ಎಂದಳು. ಹೇಳುವ ಸಂದರ್ಭ ಬಂದಿರಲಿಲ್ಲ.

ವಕಾರ್ ಬಟ್ಟಲು ಕೊಟ್ಟ. ಅವಳು ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲಿಲ್ಲ. ಮನೆಯಲ್ಲಿ ನೋಡುವ ಹಾಗೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು.

"ಇನ್ನೊಂದ್ ಸ್ವಲ್ಪ ಹಾಕಿ. ಅಷ್ಟಲ್ಲ, ಅದರಲ್ಲಿ ಅರ್ಧ. ಹಾ. ಎರಡ್ ಕುದಿ ಬರ್ಲಿ, ಆಮೇಲ್ ನೋಡ್ತೀನಿ. ಈಗ್ಲೇ ಹೇಳೋಕಾಗಲ್ಲ."

ಖುರ್ಷೀದಾ ಸೌಟನ್ನು ಅಡ್ಡ ಇಟ್ಟರು. "ನಿಮ್ ಹೆಸ್ರೇನಮ್ಮಾ?"

"ಹಂಸ."

"ನಮ್ ಅತ್ತೇನೂ ಹಿಂಗೇ. ಕುದಿ ಬರೋ ತನಕ ಬಾಯೇ ಬಿಡ್ತಿರ್ಲಿಲ್ಲ. ನಾನ್ ಎಷ್ಟ್ ಸಲ ಕೇಳಿದ್ರೂ, ತಡಿ, ತಡಿ." ನನ್ನ ಕಡೆ ತಿರುಗಿ, "ಸಾರ್, ನೀವ್ ಹೋಗಿ ಕೆಲ್ಸ ನೋಡ್ಕೊಳ್ಳಿ," ಎಂದರು.

"ಹೋಗ್ರೀ," ಎಂದಳು ಹಂಸ.

ಮಧ್ಯಾಹ್ನ ಹಂಸ ಉಪವಾಸದವರ ಎದುರು ತಿನ್ನಲು ಹಿಂಜರಿದಳು. ಖುರ್ಷೀದಾ ತಟ್ಟೆಯನ್ನು ಅವಳ ಕೈಗೇ ತುರುಕಿ ನಮ್ಮನ್ನು ಒಂಬತ್ತನೇ ಮೇಜಿಗೆ ಅಟ್ಟಿದರು. ನಾನು ನನ್ನ ಡಬ್ಬಿ ಬಿಚ್ಚಿದೆ, ಅವಳು ದಾಲ್ಚಾ ತಿಂದಳು. ಈ ವರ್ಷ ನಾವಿಬ್ಬರೂ ಎದುರುಬದುರು ಕೂತು ಉಂಡದ್ದು ಇದೇ ಮೊದಲಿರಬೇಕು. ಇರಲಿ, ಅದನ್ನೆಲ್ಲ ಯಾರು ನೆನಪಿಡುತ್ತಾರೆ.

ಮಾರ್ಚ್ ೨೨, ಶನಿವಾರ

ದಿನಾ ಬರುತ್ತಿದ್ದಾಳೆ. ಮಧ್ಯಾಹ್ನದ ಉಪ್ಪು ನೋಡಿ ಹೋಗುವವಳು ಈಗ ಸಂಜೆ ಹಲೀಮಿನದನ್ನೂ ಮುಗಿಸಿಯೇ ಹೊರಡುವುದು. ಮಧ್ಯೆ ಕೊತ್ತಂಬರಿ ಬಿಡಿಸುತ್ತಾಳೆ. ವಕಾರ್ ಅವಳನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಾನೆ. ನನ್ನನ್ನು ಇನ್ನೂ ಸಾರ್ ಎನ್ನುತ್ತಾನೆ.

ಅಕ್ತರ್ ಸಾಹೇಬರು ಇಂದು ಬಟ್ಟಲು ಖಾಲಿ ಮಾಡಿ ಇನ್ನೊಂದು ತರಿಸಿದರು. "ನೀವ್ ರಾಜೀನಾಮೆ ಕೊಟ್ರಾ?" ಎಂದು ಕೇಳಿದರು.

"ವಜಾ ಮಾಡಿದ್ರು."

"ಮುಬಾರಕ್."

ಹಿಂತಿರುಗುವಾಗ ಮೆಟ್ರೊದಲ್ಲಿ ಹಂಸ ಹೇಳುತ್ತಾ ಬಂದಳು. ಖುರ್ಷೀದಾ ಇಷ್ಟು ವರ್ಷ ಶಿವಾಜಿನಗರದ ಮನೆಯಲ್ಲೇ ಮದುವೆ ಅಡುಗೆ ಮಾಡಿ ಕೊಡುತ್ತಿದ್ದರಂತೆ. ಮಾಡುವವರು ಇವರು, ಹೆಸರು ಮಾತ್ರ ಕಂಟ್ರಾಕ್ಟರನದು. ಊಟ ಚೆನ್ನಾಗಿತ್ತೆಂದು ಜನ ಅವನ ಕೈ ಕುಲುಕುವುದನ್ನು ಇವರು ಪರದೆಯ ಹಿಂದಿನಿಂದ ನೋಡಿದ್ದಾರಂತೆ. ಇಲ್ಲಿಯ ಬೋರ್ಡಿನಲ್ಲಿ ಹೆಸರು ಬಿದ್ದ ದಿನ ಅತ್ತೆಯನ್ನು ಆಟೋದಲ್ಲಿ ಕರೆತಂದು ತೋರಿಸಬೇಕು ಎನ್ನಿಸಿತಂತೆ, ಅತ್ತೆ ಇಲ್ಲವೆಂಬುದು ಆಮೇಲೆ ನೆನಪಾಯಿತಂತೆ. ನಾನು ಮೂರು ತಿಂಗಳಿಂದ ಆ ಬೋರ್ಡಿನ ಕೆಳಗೆ ಓಡಾಡಿದ್ದೇನೆ, ಇದೊಂದೂ ಗೊತ್ತಿರಲಿಲ್ಲ.

ಬೆನ್ನಿಗಾನಹಳ್ಳಿ ಬಂದರೂ ಅವಳ ಮಾತು ಮುಗಿದಿರಲಿಲ್ಲ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಾರ್ನುಗಳ ಮಧ್ಯೆ ದನಿ ಏರಿಸಿ ಮುಂದುವರಿಸಿದಳು. ಹೊರಮಾವಿನ ಬಸ್ಸು ಎರಡು ಹೋದವು. ಹತ್ತಲು ಇಬ್ಬರಿಗೂ ನೆನಪಾಗಲಿಲ್ಲ.

ಮಾರ್ಚ್ ೨೬, ಬುಧವಾರ

ಹಂಸ ಬಂದ ಮೇಲಿನ ಸ್ಟಾರುಗಳೆಲ್ಲ ಚೆನ್ನಾಗಿವೆ. ಸರಾಸರಿ ಮಾತ್ರ ನಾಲ್ಕು ಮುಟ್ಟುತ್ತಿಲ್ಲ. ನನ್ನ ನಾಲಿಗೆಯ ಹತ್ತು ದಿನ ಅದನ್ನು ಕೆಳಗೆ ಹಿಡಿದೆಳೆಯುತ್ತಿದೆ. ಮಾರಿಯಾ ಮೇಡಂ ಹತ್ತಿರ ಹೋಗಿ, ಆ ದಿನಗಳನ್ನು ಬಿಟ್ಟು ಲೆಕ್ಕ ಹಾಕಲು ಆಗುತ್ತದೆಯೇ ಎಂದು ಕೇಳಿದೆ. ಕಾರಣವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಲಾರ್ಡ್. ಇದನ್ನ ನಾನ್ ಮೇಲೆ ಹೆಂಗ್ ಹೇಳ್ಲಿ? ಗೆಸ್ಟ್ ರಿಲೇಶನ್ಸ್ ನಾಲಿಗೆ ಸರಿ ಇರ್ಲಿಲ್ಲ ಅಂತಾನಾ?"

"ಹಂಗೇ ಹೇಳಿ."

"ಅವ್ರು ನಿಮ್ಮನ್ನ ಮೊದ್ಲು ಕಳಿಸ್ತಾರೆ."

"ಕಳಿಸ್ಲಿ ಮೇಡಂ."

ಹೊರಗೆ ಬಂದು ಒಂಬತ್ತನೇ ಮೇಜಿನಲ್ಲಿ ಕೂತು, 'ಸಪ್ಪೆ' ಎಂದ ಪ್ರತಿಯೊಬ್ಬರಿಗೂ ಮತ್ತೆ ಉತ್ತರ ಬರೆದೆ. ಕಂಪೆನಿಯ ಸಾಲುಗಳನ್ನು ಬಿಟ್ಟು, ಕನ್ನಡದಲ್ಲಿ. ಕನ್ನಡ ಓದಲು ಬಾರದವರಿಗೆ ವಕಾರ್ ಇಂಗ್ಲಿಷ್ ಮಾಡಿಕೊಟ್ಟ.

'ನೀವು ಹೇಳಿದ್ದು ನಿಜ. ಅಂದು ಉಪ್ಪು ಇರಲಿಲ್ಲ. ಅಡುಗೆ ಮಾಡಿದವರು ಉಪವಾಸವಿದ್ದರು, ರುಚಿ ನೋಡುವಂತಿರಲಿಲ್ಲ. ಅವರಿಗಾಗಿ ಉಪ್ಪು ನೋಡಿದವನು ನಾನು. ನನಗೆ ಬಿ.ಪಿ. ಇದೆ, ಮನೆಯಲ್ಲಿ ಉಪ್ಪಿಲ್ಲದೆ ಉಣ್ಣುತ್ತೇನೆ, ಅದು ನೆನಪಾಗಲಿಲ್ಲ. ನಿಮ್ಮ ಮಾತಿಗೆ ಆಗ ಕೊಟ್ಟ ಉತ್ತರವೂ ಸರಿಯಿರಲಿಲ್ಲ. ಈಗ ಬೇರೆಯವರು ನೋಡುತ್ತಿದ್ದಾರೆ. ಸಾಧ್ಯವಾದರೆ ಇನ್ನೊಮ್ಮೆ ಬನ್ನಿ. ಶ್ರೀನಾಥ್.'

ಸಿಬ್ಬಂದಿಯ ಹೆಸರು ಹಾಕುವಂತಿಲ್ಲ ಎಂಬ ನಿಯಮವಿದೆ ಎಂದು ಮಾರಿಯಾ ಮೇಡಂ ಬಂದು ಹೇಳಿದರು. ಹಾಕಿಯಾಯ್ತು ಎಂದೆ. "ನಾನ್ ನೋಡಿಲ್ಲ," ಎಂದು ಹೋದರು.

ಪ್ರಾಸ ಒಂದೂ ಹೊಳೆಯಲಿಲ್ಲ. ನಿದ್ದೆ ಬರುತ್ತಿದೆ.

ಮಾರ್ಚ್ ೨೯, ಶನಿವಾರ

ಮೂವರು ತಮ್ಮ ಸ್ಟಾರ್ ತಿದ್ದಿದರು. 'ಆಸ್ಪತ್ರೆ ಊಟ' ಎಂದವನು ಮತ್ತೆ ಬಂದು ತಿಂದು, ನನ್ನನ್ನು ತೋರಿಸಿ ಎಂದು ಕೇಳಿ, ಕೈ ಕುಲುಕಿ, ತನ್ನ ತಂದೆಗೂ ಬಿ.ಪಿ. ಎಂದು ಹೇಳಿ ಹೋದ. ಇನ್ನೊಬ್ಬರು 'ಕೊಟ್ಟ ಸ್ಟಾರ್ ವಾಪಸ್ ತೆಗೆಯುವ ಅಭ್ಯಾಸವಿಲ್ಲ' ಎಂದು ಬರೆದರು. ಉಳಿದವರು ಸುಮ್ಮನಿದ್ದಾರೆ. ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆಯಾಯಿತು.

ಸಂಜೆ ಮಾರಿಯಾ ಮೇಡಂ ಖುರ್ಷೀದಾ ಅವರನ್ನು ಕರೆದು ಕೂರಿಸಿದರು. ಹಂಸ ಪಕ್ಕದಲ್ಲಿ ನಿಂತಿದ್ದಳು, ನಾನು ಹಿಂದೆ.

"ಮೂಲೆ ವಾಫಲ್‌ನವ್ರಿಗೆ ಹೋಯ್ತು. ನಾನ್ ಆದಷ್ಟ್ ಜಗಳ ಆಡ್ದೆ. ಹಿಂದಿನ ಬಾಗ್ಲು ಪಕ್ಕ, ಸರಕು ಇಳಿಸೋ ಜಾಗ ಇದೆಯಲ್ಲ, ಅದನ್ನ ಮೂರ್ ತಿಂಗ್ಳಿಗೆ ಕೊಡ್ತಾರಂತೆ. ಮುಂದಿಂದ ಕಾಣಲ್ಲ ಅದು. ಜನ ಹುಡುಕ್ಕೊಂಡ್ ಬರ್ಬೇಕು. ನೀವ್ ಬೇಡ ಅಂದ್ರೂ ನಂಗೆ ಅರ್ಥ ಆಗುತ್ತೆ."

ಖುರ್ಷೀದಾ ಕೇಳಿದ್ದು ಒಂದೇ. "ಬೋರ್ಡು?"

"ಇರುತ್ತೆ. ಸ್ವಲ್ಪ ಚಿಕ್ದು."

"ಹೆಸ್ರು?"

"ನಿಮ್ ಹೆಸ್ರೇ."

ಅವರು ಹಂಸಳ ಮುಖ ನೋಡಿದರು. ಹಂಸ ತಲೆಯಾಡಿಸಿದಳು. ಏನೆಂದು ನನಗೆ ತಿಳಿಯಲಿಲ್ಲ.

"ಮೂಲೆ ಹೋದ್ರ್ ಹೋಗ್ಲಿ, ಒಲೆ ಇದ್ರೆ ಸಾಕು," ಎಂದರು ಖುರ್ಷೀದಾ.

ಪ್ರಾಸವಾಗಿದ್ದು ಅವರಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ ೩೦, ಭಾನುವಾರ

ಯುಗಾದಿ. ಬೇವು ಬೆಲ್ಲ. ಮಿಲ್ಲಿನಲ್ಲಿ ಜನವೋ ಜನ, ಅರ್ಧದಿನ ಹೋಗಿ ಬಂದೆ. ಸಂಜೆ ಖುರ್ಷೀದಾ ಫೋನು, ಹಂಸಳಿಗೆ. ಚಂದ್ರ ಕಂಡನಂತೆ. ನಾಳೆ ಊಟಕ್ಕೆ ಬರಲೇಬೇಕಂತೆ.

ಮಾರ್ಚ್ ೩೧, ಸೋಮವಾರ

ನಮಗೆ ಇಂದು ಹೊಸತೊಡಕು, ಯುಗಾದಿ ಮರುದಿನದ ಬಾಡೂಟ; ಅವರಿಗೆ ಈದ್. ಹಾಗಾಗಿ ಊರಿನ ಎಲ್ಲ ಮಟನ್ ಅಂಗಡಿಗಳ ಮುಂದೆ ಎರಡೂ ಕಡೆಯವರು ಬೆಳಿಗ್ಗೆ ಆರಕ್ಕೇ ಒಂದೇ ಸಾಲಿನಲ್ಲಿ ನಿಂತಿದ್ದರು. ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತಾ ಒಬ್ಬರನ್ನೊಬ್ಬರು ಹಿಂದಕ್ಕೆ ತಳ್ಳುತ್ತಿದ್ದರು. ಇಂದು ಸೋಮವಾರವಲ್ಲವೇ ಎಂದು ನಾನು ಮುನೇಶ್ವರನ ಹರಕೆ ನೆನಪಿಸಿದೆ. ವರ್ಷದ ತೊಡಕಿಗೆ ಸೋಮವಾರ ಲೆಕ್ಕವಿಲ್ಲ, ತಾನು ಮುನೇಶ್ವರನಿಗೆ ಹೇಳಿಕೊಂಡಿದ್ದೇನೆ ಎಂದಳು ಹಂಸ. ಅವರಿಬ್ಬರ ನಡುವೆ ತೀರ್ಮಾನವಾಗಿದ್ದರೆ ನನ್ನದೇನಿದೆ.

ಶಿವಾಜಿನಗರದಲ್ಲಿ ಅವರದು ಮಹಡಿ ಮನೆ, ಕೆಳಗೆ ಟೈಲರ್ ಅಂಗಡಿ. ಮೆಟ್ಟಿಲ ತನಕ ಬಿರಿಯಾನಿಯ ಪರಿಮಳ. ಹಂಸ ಒಬ್ಬಟ್ಟಿನ ಡಬ್ಬಿ ಕೊಟ್ಟಳು, ಖುರ್ಷೀದಾ ಅವಳ ಎರಡು ಕೆನ್ನೆ ಸವರಿ ಒಳಗೆ ಕರೆದೊಯ್ದರು. ನನ್ನನ್ನು ವಕಾರ್ ಪಕ್ಕ ಕೂರಿಸಿದರು.

ಎಲ್ಲರಿಗೂ ದೊಡ್ಡ ತಟ್ಟೆಯಿಂದ ಬಡಿಸಿದ ಮೇಲೆ ಖುರ್ಷೀದಾ ಒಳಗಿನಿಂದ ಒಂದು ಪುಟ್ಟ ಪಾತ್ರೆ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಒಬ್ಬರಿಗೆ ಸಾಕಾಗುವಷ್ಟು ಬಿರಿಯಾನಿ.

"ನಿಮಗ್ ಬೇರೆ ಮಾಡಿದೀನಿ ಸಾರ್. ಹಂಸ ಹೇಳಿದ್ ಹಾಗೆ. ತಿಂದ್ ಹೇಳಿ, ಉಪ್ಪು ಹೆಂಗಿದೆ?"

ವಕಾರ್ ತಟ್ಟೆ ನೋಡುತ್ತಾ ತುಟಿ ಕಚ್ಚಿಕೊಂಡಿದ್ದ. ನಾನು ಒಂದು ತುತ್ತು ಬಾಯಿಗಿಟ್ಟೆ. ನಿಧಾನವಾಗಿ ಅಗಿದೆ.

"ಸರಿಯಾಗಿದೆ," ಎಂದೆ.

ವಕಾರ್ ನೀರು ಕುಡಿಯುತ್ತಿದ್ದದ್ದು ಮೂಗಿಗೆ ಹೋಯಿತು. ಖುರ್ಷೀದಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕರು, ಹಂಸ ಅವರ ಭುಜಕ್ಕೆ ಹಣೆಯೊತ್ತಿ ನಕ್ಕಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು. ಹೇಳಿದರೆ ಅವರೂ ನಕ್ಕರು. ನಾನು ಪಾತ್ರೆ ಖಾಲಿ ಮಾಡಿದೆ.

ಊಟವಾದ ಮೇಲೆ ಹೆಂಗಸರಿಬ್ಬರೂ ಹಿಂದಿನ ಬಾಗಿಲಿನ ಜಾಗದ ಮಾತು ಶುರುಮಾಡಿದರು. ಒಲೆ ಎಲ್ಲಿಡಬೇಕು, ಹೊಗೆ ಯಾವ ಕಡೆ ಹೋಗುತ್ತದೆ, ಮುಂದಿನಿಂದ ಕಾಣದಿದ್ದರೆ ಜನರನ್ನು ಕರೆಯುವುದು ಹೇಗೆ. ಹಂಸ ಚಾಪೆಯ ಮೇಲೆ ಬೆರಳಿನಿಂದ ಗೆರೆ ಎಳೆದಳು, ಖುರ್ಷೀದಾ ಅದನ್ನು ಅಳಿಸಿ ಬೇರೆ ಎಳೆದರು. ಉಪವಾಸ ಮುಗಿಯಿತಲ್ಲ, ಉಪ್ಪು ಇನ್ನು ಅವರೇ ನೋಡಿಕೊಳ್ಳಬಹುದಲ್ಲ ಎಂದು ನಾನು ಮಧ್ಯೆ ಹೇಳಿದೆ. ಇಬ್ಬರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಬಸ್ಸಿನಲ್ಲಿ ಕೇಳಿದೆ, ನಾಳೆ ಏನು ಎಂದು. ಸಾಮಾನು ಸಾಗಿಸಬೇಕಂತೆ, ಒಲೆ ಕೂರಿಸುವವನು ಬರುತ್ತಾನಂತೆ, ಅವನ ಜೊತೆ ತಾನು ಇರಬೇಕಂತೆ, ಎಂಟಕ್ಕೇ ಮನೆ ಬಿಡುತ್ತಾಳಂತೆ. ನಾನು ಅಷ್ಟು ಬೇಗ ತಯಾರಾದರೆ ಜೊತೆಗೆ ಬರಬಹುದು ಎಂದಳು.